ಎಡಗಣ್ಣಿನ ಬಸಿಗಾಲುವೆ

ನನಗೆ ಸ್ಟೆಂಟ್ ಹಾಕಿದ್ದಾರೆಂಬ ಸುದ್ದಿ ನನಗಿಂತ ಮೊದಲೇ ಬಾಳೂರು ತಲುಪಿತ್ತು. ಮರುದಿನ ಜಗಲಿ ತುಂಬ ಮೂಸಂಬಿ, ಹಾರ್ಲಿಕ್ಸ್. ಪಕ್ಕದ ತೋಟದ ಗೌಡರು ನನ್ನ ಎದೆಯನ್ನೇ ನೋಡುತ್ತ ಕೂತು, “ಎಷ್ಟು ಬ್ಲಾಕ್ ಇತ್ತು ಮಾರಾಯ?” ಅಂದರು.

“ಒಂದೇ. ಎಡಗಡೆ.”

“ಅದೇ ಮತ್ತೆ! ಹಾರ್ಟ್ ಇರೋದೇ ಎಡಗಡೆ.”

ಕಣ್ಣಿಗೆ ಅಂದ ಕೂಡಲೇ ಅವರ ಮುಖ ಸಪ್ಪಗಾಯಿತು. ಮೂಸಂಬಿ ವಾಪಸ್ ಒಯ್ಯಲಿಲ್ಲ, ಅಷ್ಟು ದೊಡ್ಡತನ.

ಎರಡು ವರ್ಷದಿಂದ ನನ್ನ ಎಡಗಣ್ಣು ಸೋರುತ್ತಿತ್ತು. ಇದರಿಂದ ಲಾಭವೂ ಇತ್ತೆನ್ನಿ. ಗುರುತೇ ಇಲ್ಲದ ಹೆಣ್ಣಿನ ಧಾರೆಯಲ್ಲಿ ಅವಳಪ್ಪ ನನ್ನನ್ನು ತಬ್ಬಿಕೊಂಡರು. ಬೇಲಿ ವಿಷಯಕ್ಕೆ ಹತ್ತು ವರ್ಷ ಕೋರ್ಟಿಗೆ ಅಲೆಸಿದವನ ತಿಥಿಯಲ್ಲಿ ಮಕ್ಕಳು ಮೊದಲ ಪಂಕ್ತಿಗೇ ಎಲೆ ಹಾಕಿಸಿದರು.

ಕೊನೆಗೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದೆ. ಕಣ್ಣಿನ ಮೂಲೆಯಲ್ಲಿ, ಮೇಲಿನ ರೆಪ್ಪೆಗೊಂದು ಕೆಳಗಿನದಕ್ಕೊಂದು, ಸಾಸಿವೆಗಿಂತ ಸಣ್ಣ ತೂತು ಇರುತ್ತದಂತೆ. ಕಣ್ಣೀರು ಅಲ್ಲಿಂದ ಮೂಗಿನ ಪಕ್ಕದ ಚೀಲಕ್ಕೆ, ಚೀಲದಿಂದ ಮೂಗಿನೊಳಕ್ಕೆ. ಕಣ್ಣಿಗೆ ಬಿಟ್ಟ ಔಷಧಿ ಗಂಟಲಲ್ಲಿ ಕಹಿಯಾಗುವುದು ಈ ದಾರಿಯಿಂದಲೇ. ಡಾಕ್ಟರು ಮೊಂಡು ಸೂಜಿಯಲ್ಲಿ ಕೆಳಗಿನ ತೂತಿಗೆ ಉಪ್ಪುನೀರು ಬಿಟ್ಟು, “ಗಂಟಲಿಗೆ ಬಂತಾ?” ಅಂದರು. ಎಲ್ಲಿ ಬರುತ್ತದೆ! ಮೇಲಿನ ತೂತಿನಿಂದ ಹಿಂದಕ್ಕೆ ಬಂದು ಕೆನ್ನೆ ಮೇಲೆ ಹರಿಯಿತು.

ಕಾಫಿ ಬೆಳೆಯುವವನಿಗೆ ಮುಂದಿನದನ್ನು ವಿವರಿಸಬೇಕಿರಲಿಲ್ಲ. ಬಸಿಗಾಲುವೆ ಕಟ್ಟಿಕೊಂಡರೆ ಪಕ್ಕದಲ್ಲಿ ಹೊಸದು ಕಡಿಯಬೇಕು. ಇಟಲಿಯ ಟೋಟಿ ಎಂಬ ವೈದ್ಯ 1904ರಲ್ಲಿ ಹೇಳಿಕೊಟ್ಟದ್ದೂ ಅದನ್ನೇ: ಚೀಲಕ್ಕೂ ಮೂಗಿಗೂ ನಡುವಿನ ಮೂಳೆ ಕೊರೆದು ಹೊಸ ದಾರಿ. ಅದು ಮತ್ತೆ ಕೂಡಿಕೊಳ್ಳದಿರಲೆಂದು ಸಿಲಿಕೋನ್ ಕೊಳವೆ. ಎರಡು ತುದಿಯನ್ನೂ ಎರಡು ತೂತಿನಿಂದ ಇಳಿಸಿ ಮೂಗಿನೊಳಗೆ ಗಂಟು ಹಾಕುತ್ತಾರೆ. ಕನ್ನಡಿಯಲ್ಲಿ ನೋಡಿದರೆ ಕಣ್ಣಂಚಿನಲ್ಲಿ ಗಾಳದ ದಾರದಂಥ ಒಂದು ಕುಣಿಕೆ, ಅಷ್ಟೆ. ಸ್ಟೆಂಟ್ ಅನ್ನುವ ಹೆಸರು ಮೂಲತಃ ಚಾರ್ಲ್ಸ್ ಸ್ಟೆಂಟ್ ಎಂಬ ಇಂಗ್ಲೆಂಡಿನ ಹಲ್ಲಿನ ಡಾಕ್ಟರದು. ಅದು ಹಲ್ಲಿನಿಂದ ಹೃದಯಕ್ಕೆ ಹೋಗಿ ಕಣ್ಣಿಗೂ ಬಂದಿರುವಾಗ ಗೌಡರನ್ನು ಅಂದು ಏನು ಪ್ರಯೋಜನ?

ಮೂರು ತಿಂಗಳಿಗೆ ಕುಣಿಕೆ ಕತ್ತರಿಸಿ ಮೂಗಿನಿಂದ ಎಳೆದು ತೆಗೆದರು. ಈಗ ಜೋರಾಗಿ ಸಿಂಬಳ ತೆಗೆದರೆ ಕಣ್ಣಿನಿಂದ ಪುಸ್ಸೆಂದು ಗಾಳಿ ಬರುತ್ತದೆ. ಮೊಮ್ಮಗ ದಿನಕ್ಕೆ ನಾಲ್ಕು ಸಲ ಮಾಡಿಸುತ್ತಾನೆ.

ಕಣ್ಣು ಒಣಗಿದ ಮೇಲೆ ನೆನಪಾದದ್ದು ನಮ್ಮ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದವರು. ಅವರ ಸೆರಗಿನ ಒಂದು ತುದಿ ಮಾತ್ರ ಯಾವಾಗಲೂ ನವೆದಿರುತ್ತಿತ್ತು, ಕಣ್ಣೊರೆಸಿ ಒರೆಸಿ. ಅಪ್ಪ ಹಂಡೆ ಒಲೆ ಹೊಗೆ ಅನ್ನುತ್ತಿದ್ದರು. ಅಮ್ಮ ಮಾತ್ರ “ಪಾಪ, ನೆನಪು ಮಾಡ್ಕೊಂಡ್ರು, ಗಲಾಟೆ ಮಾಡ್ಬೇಡಿ” ಎಂದು ನಮ್ಮನ್ನು ಹೊರಗಟ್ಟುತ್ತಿದ್ದಳು. ಕೋಳಿಮರಿ ಎಣಿಸುವಾಗಲೂ ಅತ್ತೆಯ ಕಣ್ಣು ತುಂಬುತ್ತಿತ್ತು. ಕೋಳಿಮರಿಗೂ ಮಾವನಿಗೂ ಏನು ಸಂಬಂಧವೋ ಎಂದು ನಾನು ತಲೆ ಕೆಡಿಸಿಕೊಂಡದ್ದುಂಟು. ಆ ಕಣ್ಣಿನ ದೆಸೆಯಿಂದ ಮನೆಯಲ್ಲಿ ಯಾರೂ ಅವರಿಗೆ ಎದುರಾಡುತ್ತಿರಲಿಲ್ಲ, ಕೆನೆಮೊಸರು ಅವರಿಗೇ.

ಸೋರುತ್ತಿದ್ದದ್ದು ಎಡಗಣ್ಣೊಂದೇ. ಮೂಗಿನ ಪಕ್ಕ ಬೆರಳೊತ್ತಿ ಒರೆಸಿಕೊಳ್ಳುವುದು ಅವರ ಅಭ್ಯಾಸ, ನನ್ನ ಹಾಗೆಯೇ. ಹೊಗೆಯಾಗಲಿ ದುಃಖವಾಗಲಿ ಒಂದೇ ಕಣ್ಣಿಗೆ ಬರುತ್ತದೆಯೇ? ನಲವತ್ತು ವರ್ಷ ಒಂದು ಕಟ್ಟಿಹೋದ ಕಾಲುವೆಗೆ ನಾವೆಲ್ಲ ಮರುಗಿದ್ದೆವು. ಅತ್ತೆಯೂ ಬೇಡವೆನ್ನಲಿಲ್ಲ.

ನಾನು ಮೂಡಿಗೆರೆಯ ಹಾಸ್ಟೆಲಿಗೆ ಹೊರಟ ದಿನ ಅವರು ಗೊರಬು ಹಾಕಿಕೊಂಡು ಬಸ್ಸಿನವರೆಗೆ ಬಂದಿದ್ದರು. ಸೆರಗು ಬಲಗಣ್ಣಿಗೂ ಹೋಯಿತೇ ಎಂದು ಈಗ ನೆನಪಿಸಿಕೊಳ್ಳಲು ನೋಡುತ್ತೇನೆ. ಜೂನ್ ಮಳೆ, ಬಸ್ಸಿನವರು ಕಿಟಕಿಗೆ ಟಾರ್ಪಾಲು ಇಳಿಬಿಟ್ಟಿದ್ದರು.