179.99

ಕಳೆದ ಸೆಪ್ಟೆಂಬರಿನಲ್ಲಿ ಮಗಳ ಏಳನೇ ತರಗತಿಯ ಗಣಿತದ ಉತ್ತರ ಪತ್ರಿಕೆ ಮನೆಗೆ ಬಂತು. ಅದರಲ್ಲಿ 3 ಅಂಕದ ಒಂದು ಪ್ರಶ್ನೆ: ತ್ರಿಭುಜದ ಮೂರು ಒಳಕೋನಗಳ ಮೊತ್ತ 180 ಡಿಗ್ರಿ ಎಂದು ಸಾಧಿಸಿ. 'ತುಂಬಾ ತ್ರಿಭುಜಗಳಲ್ಲಿ ನೋಡಿದ್ದೇನೆ, ಯಾವಾಗಲೂ 180 ಬರುತ್ತದೆ' ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದಳು. ಪಕ್ಕದಲ್ಲಿ ಕೆಂಪು ಶಾಯಿಯ ಸೊನ್ನೆ.

ಅದೇ ವಾರ ಅವಳ ಗಣಿತದ ಆ್ಯಪ್ ನನಗೆ ವರದಿ ಕಳಿಸಿತ್ತು. ರೇಖಾಗಣಿತದಲ್ಲಿ 94 ಪ್ರತಿಶತ, ಜೊತೆಗೆ ಮೂರು ನಕ್ಷತ್ರ.

"ಇದನ್ನು ಹೀಗೆ ಸಾಧಿಸಬೇಕಮ್ಮಾ" ಎನ್ನುತ್ತಾ ಪೆನ್ನು ಹಿಡಿದು ಒಂದು ತ್ರಿಭುಜ ಬರೆದೆ. ಮುಂದಕ್ಕೆ ಕೈ ಓಡಲಿಲ್ಲ. ನಾನು ಎಂಸಿಎ ಓದಿದವನು, ಪುಣೆಯಲ್ಲಿ ಹದಿನೈದು ವರ್ಷದಿಂದ ಸಾಫ್ಟ್‌ವೇರ್ ನೌಕರಿಯಲ್ಲಿದ್ದೇನೆ, ಮೇಲಾಗಿ ಗಣಿತದ ಮಾಸ್ತರರ ಮಗ. ಆ ಸಾಧನೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಉಳಿದದ್ದು ಅಂಕ ಮಾತ್ರ. "ನಾಳೆ ಹೇಳಿಕೊಡ್ತೀನಿ" ಎಂದು ಎದ್ದುಬಿಟ್ಟೆ.

ರಾತ್ರಿ ಆ್ಯಪ್ ತೆರೆದು ನಾನೇ ಒಂದಷ್ಟು ಲೆಕ್ಕ ಮಾಡಿದೆ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ತಪ್ಪಾದರೆ ಸುಳಿವು, ಎರಡನೇ ಸಲ ಸರಿಯಾದರೂ ನಕ್ಷತ್ರ. ಆಫೀಸಿನಲ್ಲಿ ನಾನು ಮಾಡುವುದೂ ಇಂಥ ವರದಿಗಳನ್ನೇ. ಏನನ್ನು ಎಣಿಸುವುದು ಸುಲಭವೋ ಅದನ್ನು ಎಣಿಸುತ್ತೇವೆ, ಆಮೇಲೆ ಅದೇ ಮುಖ್ಯ ಎಂದು ನಂಬಿಬಿಡುತ್ತೇವೆ. ಮಗಳು ಮೋಸ ಮಾಡಿರಲಿಲ್ಲ. ಅಲ್ಲಿ ಯಾರೂ ಅವಳನ್ನು 'ಯಾಕೆ' ಎಂದು ಕೇಳಿರಲಿಲ್ಲ, ಅಷ್ಟೇ. ಒಳಗಿನ ಕೋಣೆಯಿಂದ ನಕ್ಷತ್ರ ಬಿದ್ದ 'ಟಿಂಗ್' ಸದ್ದು ಕೇಳಿದಾಗಲೆಲ್ಲ ಅವಳು ಕಲಿಯುತ್ತಿದ್ದಾಳೆ ಎಂದುಕೊಂಡು ನಾನು ನನ್ನ ಕಾಲ್‌ಗಳಲ್ಲಿ ಮುಳುಗಿರುತ್ತಿದ್ದೆ.

ದೀಪಾವಳಿಗೆ ಅಪ್ಪ ಹಾವೇರಿಯಿಂದ ಬಂದರು. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಉತ್ತರ ಪತ್ರಿಕೆ ನೋಡಿ ಅವರು ಬೈಯಲಿಲ್ಲ. "ನೋಡೀನಿ ಅಂತ ಬರದಾಳ. ಹಂಗಾದ್ರ ನಮಗೂ ತೋರಸ್ಲಿ" ಎಂದರು.

ಲ್ಯಾಪ್‌ಟಾಪಿನಲ್ಲಿ ಜಿಯೋಜೀಬ್ರಾ ಹಾಕಿದೆ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರುಮಾಡಿದ ತಂತ್ರಾಂಶ ಇದು. ಕಲಿಯುವವರಿಗೂ ಕಲಿಸುವವರಿಗೂ ಉಚಿತ. ಇದರಲ್ಲಿ ನಕ್ಷತ್ರವಿಲ್ಲ, ಆಯ್ಕೆಗಳಿಲ್ಲ. ತ್ರಿಭುಜ ಬರೆದು ಅದರ ಒಂದು ಶೃಂಗವನ್ನು ಹಿಡಿದೆಳೆದರೆ ಕೋನಗಳ ಅಳತೆ ಕಣ್ಣೆದುರೇ ಬದಲಾಗುತ್ತದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ನನಗ ಒಂದು ಪಿರಿಯಡ್‌ನ್ಯಾಗ ಬೋರ್ಡ್ ಮ್ಯಾಲ ಮೂರು ತ್ರಿಭುಜ ತಗಿಯೂದ್ರಾಗ ಸಾಕಾಗ್ತಿತ್ತು. ಹಿಂದ ಕುಂತವ್ರಿಗೆ ಅದೂ ಕಾಣ್ತಿದ್ದಿಲ್ಲ" ಎಂದರು. ಆಮೇಲೆ ಮೊಮ್ಮಗಳಿಗೆ, "ಮೂರೂ ಕೋನ ಹಾಳಿ ಮ್ಯಾಲ ಬರಕೊಂಡು ಕೂಡಸು. ಕೈಲೆ ಕೂಡಸು" ಎಂದರು.

ಅವಳು ಬರೆದುಕೊಂಡಳು: 47.33, 62.33, 70.33. ಕೂಡಿದಳು. 179.99.

"ಅಜ್ಜಾ, ನಿಮ್ಮ ರೂಲೇ ತಪ್ಪು!"

ಅಪ್ಪನ ಮುಖ ಸಣ್ಣದಾಯಿತು. ಮೂವತ್ತು ವರ್ಷ ಕಲಿಸಿದ ಪ್ರಮೇಯ ಅದು. ನಾನು ನಡುವೆ ಬಾಯಿ ಹಾಕಿದೆ. ತಂತ್ರಾಂಶ ಎರಡೇ ದಶಮಾಂಶ ಸ್ಥಾನ ತೋರಿಸುತ್ತಿದೆ, ಉಳಿದದ್ದನ್ನು ಅಂದಾಜಿಗೆ ತಂದು ಬಿಟ್ಟುಬಿಡುತ್ತದೆ, ಮೂರು ಕಡೆ ಬಿಟ್ಟದ್ದು ಸೇರಿ ಇಷ್ಟು ವ್ಯತ್ಯಾಸ ಬಂದಿದೆ ಎಂದೆ. ಐದು ಸ್ಥಾನಕ್ಕೆ ಬದಲಿಸಿಯೂ ಕೊಟ್ಟೆ. ಅವಳು ಶೃಂಗ ಎಳೆಯುತ್ತ, ಬರೆದುಕೊಳ್ಳುತ್ತ, ಕೂಡುತ್ತ ಹೋದಳು. ಕೆಲವೊಮ್ಮೆ ಸರಿಯಾಗಿ 180, ಒಮ್ಮೆ 179.99999, ಇನ್ನೊಮ್ಮೆ 180.00001.

"ಎಷ್ಟು ಸ್ಥಾನ ಹೆಚ್ಚಿಸಿದರೂ ಅಷ್ಟೇ ಅಲ್ವಾ ಪಪ್ಪಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಅಪ್ಪ ತಮ್ಮ ಹಳೆಯ ಉಪಾಯ ತೆಗೆದರು. ಪೇಪರಿನಲ್ಲಿ ತ್ರಿಭುಜ ಕತ್ತರಿಸಿ, ಮೂರು ಮೂಲೆ ಹರಿದು, ತುದಿಗಳನ್ನು ಒಂದೆಡೆ ಕೂಡಿಸಿ ಇಟ್ಟರು. ಅಂಚುಗಳು ನೇರ ಗೆರೆಯಂತೆ ನಿಂತವು. ಅವಳು ಬಗ್ಗಿ ನೋಡಿ, "ಇಲ್ಲಿ ಸ್ವಲ್ಪ ಸಂದಿ ಇದೆ" ಎಂದಳು.

ಅಪ್ಪ ಈಗ ನಕ್ಕುಬಿಟ್ಟರು. "ಭೇಷ್! ಹಂಗಾದ್ರ ಅಳಿಯೂದ ಬಿಡು. ಜಗತ್ತಿನ್ಯಾಗ ಎಷ್ಟು ತ್ರಿಭುಜ ಅದಾವು?"

"ಎಣಿಸೋಕೆ ಆಗಲ್ಲ."

"ಎಲ್ಲಾನೂ ಅಳಿಯಾಕಾಗೂದಿಲ್ಲ. ಅಳೀದ ಹೇಳಬೇಕು. ಮ್ಯಾಲಿನ ತುದಿಯೊಳಗ ಹಾದು, ಪಾದಕ್ಕ ಸಮಾಂತರ ಒಂದು ಗೆರಿ ಎಳಿ."

ಜಿಯೋಜೀಬ್ರಾದಲ್ಲಿ ಸಮಾಂತರ ರೇಖೆಗೆ ಒಂದು ಗುಂಡಿಯೇ ಇದೆ. ಒತ್ತಿದಳು. ಶೃಂಗದ ಎಡಕ್ಕೂ ಬಲಕ್ಕೂ ಎರಡು ಹೊಸ ಕೋನಗಳು ಕಂಡವು. "ಈ ಎಡಗಡೀದು ಕೆಳಗ ಯಾವ ಕೋನದ ಸಮ?" ಎಂದರು ಅಪ್ಪ. ಸಮಾಂತರ ರೇಖೆಗಳ ಪಾಠ ಅವಳಿಗೆ ಆಗಿತ್ತು. ಪರ್ಯಾಯ ಕೋನಗಳು ಸಮ ಎಂಬುದು ಇಂಗ್ಲಿಷಿನಲ್ಲಿ ನೆನಪಿಗೆ ಬಂತು. ಎಡದ್ದು ಪಾದದ ಎಡಕೋನ, ಬಲದ್ದು ಬಲಕೋನ, ನಡುವೆ ತ್ರಿಭುಜದ ಮೇಲಿನ ಕೋನ. ಮೂರೂ ಸೇರಿದರೆ ಒಂದು ನೇರ ಗೆರೆ. ಶೃಂಗವನ್ನು ಮತ್ತೆ ಎಳೆದಳು. ತ್ರಿಭುಜ ಓಲಾಡಿತು, ಗೆರೆಯೂ ಅದರೊಂದಿಗೇ ಸರಿಯಿತು, ಪಾದಕ್ಕೆ ಸಮಾಂತರವಾಗಿಯೇ ಉಳಿಯಿತು.

"ಅಜ್ಜಾ, ಇದಕ್ಕೆ ನಂಬರೇ ಬೇಡ!"

ಅವಳಿಗಿಂತ ಒಂದು ಕ್ಷಣ ಮುಂಚೆ ನನಗೂ ಅದು ಹೊಳೆದಿತ್ತು. ಇಪ್ಪತ್ತೈದು ವರ್ಷದ ಹಿಂದೆ ಬಾಯಿಪಾಠ ಮಾಡಿದ್ದು ಆವತ್ತು ಅರ್ಥವಾಯಿತು. ನಾನು ಹೇಳಲಿಲ್ಲ. ಅಪ್ಪ ನನ್ನ ಕಡೆ ನೋಡಿದ ರೀತಿಯಲ್ಲಿ ಅವರಿಗೆ ಗೊತ್ತಾಯಿತು ಅನಿಸುತ್ತದೆ.

ಆ್ಯಪನ್ನು ನಾವು ತೆಗೆದುಹಾಕಿಲ್ಲ. ಮಗ್ಗಿಗೆ, ಭಿನ್ನರಾಶಿಗೆ, ದಿನದ ಅಭ್ಯಾಸಕ್ಕೆ ಅದು ಚೆನ್ನಾಗಿಯೇ ಇದೆ. ಸಂಜೆ ಇಪ್ಪತ್ತು ನಿಮಿಷ ನಾನೂ ಪಕ್ಕದಲ್ಲಿ ಕೂರುತ್ತೇನೆ, ಫೋನ್ ಇನ್ನೊಂದು ಕೋಣೆಯಲ್ಲಿರುತ್ತದೆ. ಪರದೆ 'ಸರಿ' ಎಂದ ಮೇಲೆ ಯಾಕೆ ಸರಿ ಎಂದು ಅವಳು ಹೇಳಬೇಕು. ವಾರಕ್ಕೊಂದು ಲೆಕ್ಕವನ್ನು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜನಿಗೆ ಕನ್ನಡದಲ್ಲಿ ವಿವರಿಸಬೇಕು. ಶಾಲೆಯಲ್ಲಿ ಇಂಗ್ಲಿಷ್, ಆಟಕ್ಕೆ ಮರಾಠಿ ಆಗಿರುವ ಅವಳಿಗೆ ಕನ್ನಡವೆಂದರೆ ಊಟ, ನಿದ್ದೆ, ಬೈಗುಳದ ಭಾಷೆಯಾಗಿತ್ತು. ಈಗ ಅದರಲ್ಲಿ ಶೃಂಗ, ಪಾದ, ಪರ್ಯಾಯ ಕೋನಗಳೂ ಸೇರಿವೆ. ಅಪ್ಪನೂ ತಮ್ಮ ಫೋನಿಗೆ ಜಿಯೋಜೀಬ್ರಾ ಹಾಕಿಸಿಕೊಂಡಿದ್ದಾರೆ. ಪಕ್ಕದ ಮನೆಯ ಹುಡುಗರಿಗೆ ತೋರಿಸುತ್ತಾರಂತೆ.

ಜನವರಿಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಮೂರಕ್ಕೆ ಎರಡು. ಕೋನಗಳು ಸಮ ಎಂದು ಬರೆದವಳು ಯಾಕೆ ಸಮ ಎಂದು ಬರೆದಿರಲಿಲ್ಲ. ಅನ್ಯಾಯ ಎಂದು ಅಳುಮುಖ ಮಾಡಿಕೊಂಡು ಅಜ್ಜನಿಗೆ ಫೋನ್ ಹಚ್ಚಿದಳು. ಅಪ್ಪ ಉತ್ತರ ಪತ್ರಿಕೆಯನ್ನು ಕ್ಯಾಮೆರಾಕ್ಕೆ ಹಿಡಿಸಿ, ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಕಾರಣ ಬರದಿಲ್ಲಲ್ಲ ಪುಟ್ಟಿ. ನಾನಾಗಿದ್ರೂ ಒಂದು ಮಾರ್ಕ್ಸ್ ಕಡೀತಿದ್ದೆ."