ಕೇಳುವ ಮೊದಲೇ ಹೇಳಬೇಕೆ?

ಕೊಪ್ಪದ ಕಡೆಯ ಆ ಅಡಿಕೆ ಬೆಳೆಗಾರರಿಗೆ ಆಗ ಎಪ್ಪತ್ತೆರಡು ವರ್ಷ. ಪೊಲೀಸರ ವಿಷಯದಲ್ಲಿ ಅವರಿಗಿದ್ದ ಅನುಭವವೆಲ್ಲ ಮೂರು ಸಂದರ್ಭಗಳದ್ದು. ಪಾಸ್‌ಪೋರ್ಟ್ ವಿಚಾರಣೆಗೆಂದು ಬಂದವರು ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋದದ್ದು ಒಂದು. ಅಡಿಕೆ ಮೂಟೆ ಹೇರಿದ ಜೀಪನ್ನು ಶಿವಮೊಗ್ಗದ ದಾರಿಯಲ್ಲಿ ತಡೆದು ನಿಲ್ಲಿಸಿದ್ದು ಇನ್ನೊಂದು. ಚುನಾವಣೆ ಬಂದಾಗಲೆಲ್ಲ ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ಮೂರನೆಯದು. ಇವುಗಳಿಂದ ಅವರು ಕಲಿತ ಪಾಠವೂ ಸರಳವಾಗಿತ್ತು. ಪೊಲೀಸರು ಕೈ ಅಡ್ಡ ಹಾಕಿದರೆ ಕೂಡಲೇ ಗಾಡಿಯಿಂದ ಇಳಿಯಬೇಕು, ಕಾಗದ ಪತ್ರ ಹಿಡಿದು ತಾವೇ ಅವರ ಹತ್ತಿರ ಹೋಗಬೇಕು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು.

2022ರ ಅಕ್ಟೋಬರಿನ ಒಂದು ಸಂಜೆ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಈ ಪಾಠ ಬುಡಮೇಲಾಯಿತು.

ಮಗ ಡೆಟ್ರಾಯಿಟ್ ಬಳಿ ಕಾರು ತಯಾರಿಸುವ ಉದ್ಯಮದಲ್ಲಿ ಎಂಜಿನಿಯರ್. ಹೋಗಿ ಇಪ್ಪತ್ತು ವರ್ಷ ದಾಟಿದೆ, ಗ್ರೀನ್ ಕಾರ್ಡ್ ಬಂದೂ ಬಹಳ ಕಾಲವಾಗಿದೆ. ಪಕ್ಕದ ಬೀದಿಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದ ಮೇಲೆ ಆತ ಒಂದು ಪಿಸ್ತೂಲು ಕೊಂಡು, ಅದನ್ನು ಮೈಮೇಲೆ ಇಟ್ಟುಕೊಂಡು ಓಡಾಡಲು ಪರವಾನಗಿಯನ್ನೂ ಪಡೆದಿದ್ದ. ಹೆಂಡತಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅಪ್ಪಯ್ಯನಿಗೆ ಮಾತ್ರ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಂದಿ, ಮಂಗ ಓಡಿಸಲು ಕೇಪಿನ ಕೋವಿ ಹಿಡಿದೇ ಬೆಳೆದ ಮನೆತನ ಅದು. ‘ನಮ್ಮದಕ್ಕಿಂತ ಮೂತಿ ಗಿಡ್ಡ’ ಎಂದಷ್ಟೇ ಹೇಳಿ ಅವರು ಸುಮ್ಮನಾಗಿದ್ದರು.

ಆ ಸಂಜೆ ತಂದೆ ಮಗ ಇಬ್ಬರೂ ತರಕಾರಿ ಕೊಂಡು ಬರುತ್ತಿದ್ದಾಗ ಹಿಂದಿನಿಂದ ಕೆಂಪು ನೀಲಿ ದೀಪ ಮಿನುಗಿತು. ಮಗ ಕಾರನ್ನು ಬದಿಗೆ ತಂದು ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಮುದುಕರು ಬೆಲ್ಟ್ ಬಿಚ್ಚಿ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಾಗಿತ್ತು. ‘ಇಳೀಬೇಡಿ ಅಪ್ಪಯ್ಯ, ಕೂತ್ಕೊಳ್ಳಿ!’ ಎಂದು ಮಗ ಕೂಗಿದ ದನಿಯನ್ನು ಅವರು ಅದುವರೆಗೆ ಕೇಳಿದ್ದೇ ಇಲ್ಲ. ಹಿಂದಿನ ಧ್ವನಿವರ್ಧಕದಿಂದಲೂ ಏನೋ ಗದರಿಕೆ ಬಂತು. ಅವರು ಕಾಲನ್ನು ಒಳಗೆಳೆದುಕೊಂಡರು. ಮಗ ಕಿಟಕಿ ಇಳಿಸಿ, ಒಳದೀಪ ಹಾಕಿ, ಎರಡೂ ಕೈಗಳನ್ನು ಸ್ಟೀರಿಂಗ್ ಮೇಲೆ ಬೆರಳು ಬಿಡಿಸಿ ಇಟ್ಟುಕೊಂಡು ವಿಗ್ರಹದಂತೆ ಕುಳಿತ.

ಪೊಲೀಸಿನವನು ಬಂದು ಬಗ್ಗಿದ. ಅವನು ಏನಾದರೂ ಕೇಳುವ ಮೊದಲೇ ಮಗ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ: ತನಗೆ ಆಯುಧ ಒಯ್ಯುವ ಪರವಾನಗಿ ಇದೆ, ಈಗ ಅದು ತನ್ನ ಬಲ ಸೊಂಟದಲ್ಲಿದೆ, ತಾನು ಏನು ಮಾಡಬೇಕು? ಪೊಲೀಸಿನವನು ಒಂದು ಕ್ಷಣ ಇಬ್ಬರ ಮುಖ ನೋಡಿದ. ‘ಸರಿ. ನೀನು ನಿನ್ನದನ್ನು ಮುಟ್ಟಬೇಡ, ನಾನು ನನ್ನದನ್ನು ಮುಟ್ಟುವುದಿಲ್ಲ’ ಎಂದ. ಆಮೇಲೆ ಚಾಲನಾ ಪರವಾನಗಿ ನೋಡಿದ, ಎಡಗಡೆಯ ಹೆಡ್‌ಲೈಟ್ ಉರಿಯುತ್ತಿಲ್ಲ ಎಂದು ಹೇಳಿದ, ಎಚ್ಚರಿಕೆ ಕೊಟ್ಟು ಕಳಿಸಿದ. ಒಟ್ಟು ಏಳೆಂಟು ನಿಮಿಷದ ಕೆಲಸ. ಆದರೆ ಮನೆ ತಲುಪುವವರೆಗೆ ಅಪ್ಪಯ್ಯ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಊಟದ ಹೊತ್ತಿಗೆ. ‘ಅಲ್ಲ ಮಾರಾಯ, ಅವನು ಕೇಳಲೇ ಇಲ್ಲ. ದೀಪದ ವಿಷಯಕ್ಕೆ ಬಂದವನಿಗೆ ಕೋವಿ ವಿಷಯ ಯಾಕೆ ಹೇಳಿದೆ?’

ಈ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆಯ 19ನೆಯ ವಿಧಿಯೂ ಹೇಳುವುದು ಇಷ್ಟೇ: ಆಯುಧ ಹಿಡಿದವನನ್ನು ಪೊಲೀಸ್ ಅಧಿಕಾರಿ ಕೇಳಿದರೆ ಪರವಾನಗಿ ತೋರಿಸಬೇಕು. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದೂ ಅಲ್ಲದೆ ನಮ್ಮ ಕೋವಿ ಉದ್ದನೆಯದು, ಹೆಗಲ ಮೇಲಿನದು. ಬಚ್ಚಿಡುವ ಪ್ರಶ್ನೆಯೇ ಇಲ್ಲದ ಮೇಲೆ ಹೇಳುವ ಪ್ರಶ್ನೆ ಎಲ್ಲಿಂದ ಬರಬೇಕು?

ಅಮೆರಿಕದ ತೊಡಕು ಹುಟ್ಟುವುದೇ ಇಲ್ಲಿ. ಅಲ್ಲಿ ಆಯುಧ ಅಂಗಿಯ ಕೆಳಗೆ ಇರುತ್ತದೆ, ಕಾನೂನು ರಾಜ್ಯಕ್ಕೊಂದು ಇರುತ್ತದೆ. ಮಿಷಿಗನ್‌ನಲ್ಲಿ ಪರವಾನಗಿ ಪಡೆದವನು ಪಿಸ್ತೂಲು ಇಟ್ಟುಕೊಂಡಿದ್ದರೆ, ಪೊಲೀಸರು ತಡೆದ ಕೂಡಲೇ ತಾನಾಗಿಯೇ ಹೇಳಬೇಕು. ಹೇಳದಿದ್ದರೆ ಮೊದಲ ಸಲಕ್ಕೆ 500 ಡಾಲರ್ ದಂಡ, ಆರು ತಿಂಗಳು ಪರವಾನಗಿ ಅಮಾನತು. ನಾರ್ತ್ ಕೆರೊಲಿನಾದಲ್ಲೂ ಅಲಾಸ್ಕಾದಲ್ಲೂ ಹೇಳಲೇಬೇಕು. ಮಿನೆಸೋಟದಲ್ಲಿ ಕೇಳಿದರೆ ಹೇಳಿದರೆ ಸಾಕು. ಡೆಟ್ರಾಯಿಟ್‌ನಿಂದ ಕಾರಿನಲ್ಲಿ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಓಹಾಯೊ ಸಿಗುತ್ತದೆ. ಅಲ್ಲಿ 2022ರ ಜೂನ್ ತಿಂಗಳವರೆಗೆ ತಾನಾಗಿಯೇ ಹೇಳಬೇಕಿತ್ತು, ಆಮೇಲೆ ಕೇಳಿದರೆ ಮಾತ್ರ ಎಂದಾಯಿತು. ಗಡಿಯ ಫಲಕ ದಾಟುತ್ತಿದ್ದ ಹಾಗೆ ಮೌನ ಅಪರಾಧವಾಗುತ್ತದೆ ಅಥವಾ ಹಕ್ಕಾಗುತ್ತದೆ. ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಈಗ ಆಯುಧ ಒಯ್ಯಲು ಪರವಾನಗಿಯೇ ಬೇಡ ಎಂಬುದು ಬೇರೆ ಮಾತು.

ಮಗ ಪರವಾನಗಿಗಾಗಿ ಎಂಟು ಗಂಟೆಯ ತರಬೇತಿ ಪಡೆದಿದ್ದ. ಅದರಲ್ಲಿ ಮೂರು ಗಂಟೆ ಗುಂಡು ಹೊಡೆಯುವ ಅಭ್ಯಾಸ. ಉಳಿದ ಹೊತ್ತಿನಲ್ಲಿ ಕೇಳಿದ್ದು ಅವನಿಗೆ ಹೆಚ್ಚು ನೆನಪಿದೆ. ‘ಗನ್’ ಎಂಬ ಪದವನ್ನು ಮೊದಲು ಬಾಯಿಗೆ ತರಬೇಡಿ ಎಂದು ಅಲ್ಲಿ ಕಲಿಸಿದವರು ಹೇಳಿದ್ದರಂತೆ. ರಸ್ತೆಯ ಗದ್ದಲದಲ್ಲಿ ವಾಕ್ಯದ ಉಳಿದ ಭಾಗ ಹಾರಿಹೋಗಿ ಆ ಒಂದು ಪದ ಮಾತ್ರ ಪೊಲೀಸಿನವನ ಕಿವಿಗೆ ಬೀಳಬಹುದು. ಆದ್ದರಿಂದ ಮೊದಲು ಪರವಾನಗಿ, ಆಮೇಲೆ ಅದು ಎಲ್ಲಿದೆ ಎಂಬುದು, ಕೊನೆಗೆ ನಾನೇನು ಮಾಡಲಿ ಎಂಬ ಪ್ರಶ್ನೆ. ಅವರು ಹೇಳುವವರೆಗೆ ಕೈ ಕದಲಕೂಡದು. ಕಾರಿನ ಕಾಗದಗಳನ್ನೂ ಪಿಸ್ತೂಲನ್ನೂ ಡ್ಯಾಶ್‌ಬೋರ್ಡಿನ ಒಂದೇ ಪೆಟ್ಟಿಗೆಯಲ್ಲಿ ಇಡಕೂಡದು. ಕಾಗದ ತೆಗೆಯಲು ಹೋದ ಕೈ ಪಿಸ್ತೂಲಿಗೆ ಹೋದಂತೆ ಕಂಡರೆ ವಿವರಿಸಲು ಆಮೇಲೆ ವೇಳೆ ಇರುವುದಿಲ್ಲ. ಇನ್ನು, ಸುಮ್ಮನಿದ್ದುಬಿಡೋಣವೆಂದರೆ ಮಿಷಿಗನ್‌ನಲ್ಲಿ ಪ್ರಯೋಜನವೂ ಇಲ್ಲ. ಪೊಲೀಸಿನವನು ಹೆಸರು ಒತ್ತಿದರೆ ಪರವಾನಗಿ ಇರುವುದು ಅವನ ಗಣಕಯಂತ್ರದಲ್ಲೇ ಮೂಡುತ್ತದೆ.

ಇಳಿದು ಹತ್ತಿರ ಹೋಗುವುದು ನಮ್ಮಲ್ಲಿ ಮರ್ಯಾದೆ. ಕೂತಲ್ಲೇ ಕೂತು ಕಿಟಕಿಯಿಂದ ಮಾತನಾಡಿದರೆ ಸಾಹೇಬರಿಗೆ ಸೊಕ್ಕಾಗಿ ಕಾಣುತ್ತದೆ. ಅಲ್ಲಿ ಇಳಿದು ಬಂದವನೇ ಮೈಮೇಲೆ ಬಂದವನು. ಇಲ್ಲಿಂದ ಓದಲು ಹೋಗುವ ಹುಡುಗ ಹುಡುಗಿಯರಿಗೆ ವೀಸಾ, ಶುಲ್ಕ, ಚಳಿಯ ಕೋಟಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇದನ್ನು ಹೇಳುವವರು ಕಡಿಮೆ. ಇನ್ನೊಂದನ್ನೂ ಹೇಳಬೇಕು. ವಿದ್ಯಾರ್ಥಿ ವೀಸಾದಲ್ಲೋ ಎಚ್-1ಬಿ ವೀಸಾದಲ್ಲೋ ಇರುವವರು ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕೊಠಡಿಯ ಜೊತೆಗಾರನದು ಎಂದೋ, ಒಂದು ದಿನಕ್ಕೆಂದೋ ಹೇಳಿ ಪಾರಾಗಲು ಹೊರಡುವುದು ಬೇಡ. ಅಂಥ ವಿದ್ಯಾರ್ಥಿಗೆ ಹೇಳಬೇಕೆ ಬೇಡವೆ ಎಂಬ ಪ್ರಶ್ನೆಯೇ ಏಳಬಾರದು.

ಊಟದ ಮೇಜಿನಲ್ಲಿ ಮಾತು ಇಲ್ಲಿಗೆ ನಿಲ್ಲುತ್ತಿತ್ತೋ ಏನೋ. ಮೊಮ್ಮಗ ಬಾಯಿ ಹಾಕಿದ. ಹದಿನಾರು ವರ್ಷ, ಆಗಷ್ಟೇ ಕಾರು ಓಡಿಸಲು ಅನುಮತಿ ಸಿಕ್ಕಿತ್ತು. ‘ಅಜ್ಜಯ್ಯ, ಅವನು ಹೇಳಿದ. ಹೇಳಿದ್ದಕ್ಕೇ ಸತ್ತ’ ಎಂದ. ಯಾರು ಎಂದು ಅಜ್ಜನಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು.

ಫಿಲಾಂಡೊ ಕ್ಯಾಸ್ಟೀಲ್, 32 ವರ್ಷದ ಕರಿಯ ಯುವಕ. ಮಿನೆಸೋಟದ ಸೇಂಟ್ ಪಾಲ್ ನಗರದ ಒಂದು ಮಾಂಟೆಸೊರಿ ಶಾಲೆಯ ಊಟದ ಮನೆಯ ಮೇಲ್ವಿಚಾರಕ. ಯಾವ ಮಗುವಿಗೆ ಯಾವ ತಿನಿಸು ಆಗುವುದಿಲ್ಲ ಎಂಬುದು ಅವನಿಗೆ ನೆನಪಿರುತ್ತಿತ್ತು ಎಂದು ಆ ಶಾಲೆಯವರು ಆಮೇಲೆ ಹೇಳಿದರು. 2016ರ ಜುಲೈ 6ರ ರಾತ್ರಿ ಫಾಲ್ಕನ್ ಹೈಟ್ಸ್ ಎಂಬಲ್ಲಿ ಪೊಲೀಸರು ಅವನ ಕಾರನ್ನು ತಡೆದರು. ಬ್ರೇಕಿನ ದೀಪ ಕೆಟ್ಟಿದೆ ಎಂದು ಅವನಿಗೆ ಹೇಳಿದ ಕಾರಣ. ದರೋಡೆ ಮಾಡಿದ್ದ ಒಬ್ಬನಂತೆ ಕಾಣುತ್ತಾನೆ ಎಂಬುದು ಪೊಲೀಸ್ ಅಧಿಕಾರಿಯ ಮನಸ್ಸಿನಲ್ಲಿದ್ದ ಕಾರಣ. ವಾಹನದ ಸಣ್ಣಪುಟ್ಟ ತಪ್ಪುಗಳಿಗೆಂದು ಅದಕ್ಕೂ ಮೊದಲು ನಲವತ್ತಕ್ಕೂ ಹೆಚ್ಚು ಸಲ ಅವನನ್ನು ತಡೆದಿದ್ದರು. ಪಕ್ಕದಲ್ಲಿ ಗೆಳತಿ, ಹಿಂದಿನ ಸೀಟಿನಲ್ಲಿ ಆಕೆಯ ನಾಲ್ಕು ವರ್ಷದ ಮಗಳು.

ಕಾಗದ ಕೊಡುತ್ತ ಕ್ಯಾಸ್ಟೀಲ್ ಹೇಳಿದ್ದು ಪೊಲೀಸ್ ಕ್ಯಾಮೆರಾದಲ್ಲಿ ದಾಖಲಾಗಿದೆ. ‘ಸರ್, ನನ್ನ ಬಳಿ ಒಂದು ಬಂದೂಕು ಇದೆ ಎಂದು ತಮಗೆ ಹೇಳಬೇಕು.’ ದನಿಯಲ್ಲಿ ಸಿಟ್ಟಿಲ್ಲ, ಅವಸರವಿಲ್ಲ. ಅದನ್ನು ತೆಗೆಯಬೇಡ ಎಂದು ಅಧಿಕಾರಿ ಗದರಿದ. ತೆಗೆಯುತ್ತಿಲ್ಲ ಎಂದು ಅವನೂ ಹೇಳಿದ, ಗೆಳತಿಯೂ ಹೇಳಿದಳು. ಸೆಕೆಂಡುಗಳೊಳಗೆ ಏಳು ಗುಂಡು ಹಾರಿದವು, ಐದು ತಗುಲಿದವು. ಪರವಾನಗಿ ಕ್ರಮಬದ್ಧವಾಗಿಯೇ ಇತ್ತು. ಕೇಳದೆ ಹೇಳಬೇಕೆಂಬ ಕಾನೂನು ಆ ರಾಜ್ಯದಲ್ಲಿ ಇರಲೂ ಇಲ್ಲ. ಅವನು ಹೇಳಿದ್ದು ಕಾನೂನಿಗಿಂತ ಒಂದು ಹೆಜ್ಜೆ ಹೆಚ್ಚಿನ ಸೌಜನ್ಯ. ಅವನು ಬಂದೂಕಿಗೆ ಕೈ ಹಾಕಿದನೆಂದು ತನಗೆ ಅನಿಸಿತು, ಪ್ರಾಣಭಯವಾಯಿತು ಎಂಬುದು ಅಧಿಕಾರಿಯ ಹೇಳಿಕೆ. 2017ರ ಜೂನ್ 16ರಂದು ಜ್ಯೂರಿ ಆತನನ್ನು ಬಿಡುಗಡೆ ಮಾಡಿತು. ಅದೇ ತಿಂಗಳು ಕ್ಯಾಸ್ಟೀಲನ ಕುಟುಂಬಕ್ಕೆ ಸುಮಾರು 30 ಲಕ್ಷ ಡಾಲರ್ ಪರಿಹಾರದ ಒಪ್ಪಂದವಾಯಿತು.

ಇದನ್ನೆಲ್ಲ ಹುಡುಗ ತನ್ನ ಅರ್ಧ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ತಟ್ಟೆಯ ಅನ್ನ ಆರಿತ್ತು. ‘ನನ್ನ ಕ್ಲಾಸಿನ ಕರಿಯ ಹುಡುಗನ ಅಮ್ಮ ಅವನಿಗೆ ದಿನಾ ಹೇಳ್ತಾಳೆ, ಕೈ ಮೇಲೆ ಇಡು, ಕೈ ಮೇಲೆ ಇಡು ಅಂತ. ಅವನ ಹತ್ರ ಬಂದೂಕೇ ಇಲ್ಲ. ಅಪ್ಪ ಇವತ್ತು ಹೇಳಿದ್ದನ್ನೇ ಅವನ ಅಪ್ಪ ಹೇಳಿದ್ರೆ ಪೊಲೀಸ್ ಜೋಕ್ ಮಾಡ್ತಿದ್ನಾ?’

ಯಾರೂ ಉತ್ತರ ಕೊಡಲಿಲ್ಲ. ಕೊಡಬಹುದಾದ ಉತ್ತರ ಎಲ್ಲರಿಗೂ ಗೊತ್ತಿತ್ತು, ಅದನ್ನು ಆಡಲು ನಾಲಿಗೆ ಬರಲಿಲ್ಲ ಅಷ್ಟೆ. ಹೇಳಿದರೆ ಕಾಗದದ ಮೇಲೆ ಕಾನೂನು ನಿಮ್ಮ ಕಡೆ ಇರುತ್ತದೆ. ಆದರೆ ಕಿಟಕಿಯ ಆಚೆ ನಿಂತವನಿಗೆ ಎಷ್ಟು ಹೆದರಿಕೆ ಇದೆ, ಆ ಹೆದರಿಕೆ ಯಾವ ಮುಖ ಕಂಡರೆ ಹೆಚ್ಚುತ್ತದೆ ಎಂಬುದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಹಾಗೆಂದು ಮೌನವೂ ಕಾಯುವುದಿಲ್ಲ. ಮೊದಲು ಬಾಯಿ ಬಿಡದೆ, ಅಂಗಿ ಸರಿದಾಗ ಆಯುಧ ಕಂಡುಬಿಟ್ಟರೆ ಆ ಹೆದರಿಕೆ ಇನ್ನೂ ದೊಡ್ಡದು. ಕೈಗಳನ್ನು ಕಾಣುವಂತೆ ಇಟ್ಟು, ಮೊದಲೇ, ಮೆಲ್ಲಗೆ ಹೇಳುವುದೇ ಇದ್ದುದರಲ್ಲಿ ಮೇಲು. ಅದು ಖಾತರಿ ಅಲ್ಲ.

‘ಹೇಳಬೇಕೋ ಬೇಡವೋ ಅಂತ ಇಷ್ಟು ಲೆಕ್ಕ ಹಾಕೋ ಬದಲು ಆ ವಸ್ತುವನ್ನೇ ಮನೇಲಿ ಬಿಟ್ಟು ಹೋಗಿ’ ಎಂದಳು ಸೊಸೆ. ಮಾವನವರ ಮುಂದೆ ಆಕೆ ದನಿ ಏರಿಸಿದ್ದು ಅದೇ ಮೊದಲು. ಗಂಡ ತಲೆ ತಗ್ಗಿಸಿ ಊಟ ಮುಂದುವರಿಸಿದ. ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟಾಗ ಮಲಗುವ ಕೋಣೆಯ ಉಕ್ಕಿನ ಪೆಟ್ಟಿಗೆಗೆ ಬೀಗ ಬಿದ್ದ ಸದ್ದು ಕೇಳಿಸಿತು. ಒಳಗೆ ಏನಿತ್ತು, ಏನಿರಲಿಲ್ಲ ಎಂದು ಅಪ್ಪಯ್ಯ ಕೇಳಲಿಲ್ಲ. ಮೊಮ್ಮಗನಿಗೆ ಮಾತ್ರ ಅವನು ಕಾರು ತೆಗೆದಾಗಲೆಲ್ಲ ‘ಕೈ ಮೇಲಿರಲಿ’ ಎಂದು ಹೇಳತೊಡಗಿದರು.

ಊರಿಗೆ ಮರಳಿದ ಮೇಲೆ 2023ರ ವಿಧಾನಸಭಾ ಚುನಾವಣೆ ಬಂತು. ಎಂದಿನಂತೆ ಕೋವಿ ಒಪ್ಪಿಸಲು ಜೀಪು ಹತ್ತಿದರು. ದಾರಿಯಲ್ಲಿ ತಪಾಸಣೆಯ ಗೇಟು. ಪೇದೆ ಕೈ ಅಡ್ಡ ಹಾಕಿದ. ಜೀಪಿನ ಹುಡುಗ ಇಳಿದು ಓಡಿದ. ಯಜಮಾನರು ಇಳಿಯಲಿಲ್ಲ. ಎರಡೂ ಕೈಗಳನ್ನು ಎದುರಿನ ಹಿಡಿಕೆಯ ಮೇಲಿಟ್ಟು ಕೂತೇ ಇದ್ದರು. ಪೇದೆ ಹತ್ತಿರ ಬಂದಾಗ, ಅವನು ಕೇಳುವ ಮೊದಲೇ, ‘ನನ್ನ ಹತ್ತಿರ ಲೈಸೆನ್ಸ್ ಇದೆ, ಕೋವಿ ಹಿಂದಿನ ಸೀಟಿನಲ್ಲಿದೆ. ಈಗ ನಾನು ಏನು ಮಾಡಬೇಕು?’ ಎಂದರು.

‘ಗೊತ್ತು ಮಾರಾಯ್ರೆ, ಅದರ ಮೂತಿ ಗೇಟಿನ ತನಕ ಕಾಣ್ತಾ ಇದೆ’ ಎಂದ ಪೇದೆ. ‘ಆದರೆ ನೀವು ಯಾಕೆ ಹೀಗೆ ಕೈ ಮೇಲಿಟ್ಟು ಕೂತಿದ್ದೀರಿ? ಹುಷಾರಿಲ್ವಾ?’