ಮೊಳಕಾಲ್ಮೂರಿನ ಹಳದಿ ಗೂಡು

ಚಳ್ಳಕೆರೆಯನ್ನು ಎಣ್ಣೆಯ ಊರೆಂದು ಕರೆಯುವುದು ರೂಢಿ. ಶೇಂಗಾ ಬೆಳೆಯುವ ಒಣಸೀಮೆಯಲ್ಲಿ ಎಣ್ಣೆಗಿರಣಿಗಳು ತಲೆಯೆತ್ತಿದ್ದು ಸಹಜವೇ. ಆದರೆ ಗಿರಣಿಗಳನ್ನು ದಾಟಿ ಬಯಲಿಗೆ ಬಂದ ಪ್ರವಾಸಿಯ ಕಣ್ಣಿಗೆ ಬೀಳುವುದು ಕುರಿಮಂದೆ. ಕುರಿಯ ಕಪ್ಪೇ ಇಲ್ಲಿಯ ಕರಿಕಂಬಳಿಯ ಕಪ್ಪು. ಬಣ್ಣದ ಹಂಡೆಗೆ ಅಲ್ಲಿ ಕೆಲಸವಿಲ್ಲ. ಹುಣಿಸೆಬೀಜದ ಗಂಜಿ ಕುಡಿದು ಬಿಗಿಯಾದ ಈ ಕಂಬಳಿ ಕುರಿಗಾಹಿಗೆ ಹಾಸಿಗೆಯೂ ಹೌದು, ಕೊಡೆಯೂ ಹೌದು.

ಜಗತ್ತಿನ ಅನೇಕ ಕುರಿತಳಿಗಳಲ್ಲಿ ಒಂದು ಸೋಜಿಗವುಂಟು. ತಾಯಿಯೂ ಬಿಳಿ, ತಂದೆಯೂ ಬಿಳಿ. ಹುಟ್ಟಿದ ಮರಿ ಮಾತ್ರ ಕಪ್ಪು. ಹೆತ್ತವರಲ್ಲಿ ಕಾಣದ ಬಣ್ಣ ಮರಿಗೆ ಎಲ್ಲಿಂದ ಬಂದಿತು? ಇದರ ಉತ್ತರವನ್ನು ಕಣ್ಣಾರೆ ಕಾಣಬಯಸುವವರು ಉತ್ತರಕ್ಕೆ ಮೊಳಕಾಲ್ಮೂರಿನವರೆಗೆ ಹೋಗಬೇಕು. ಆ ಉತ್ತರವಿರುವುದು ಕುರಿಯಲ್ಲಲ್ಲ, ರೇಷ್ಮೆಹುಳುವಿನಲ್ಲಿ.

ಬಂಡೆಗುಡ್ಡಗಳ ನಡುವಿನ ಈ ತಾಲ್ಲೂಕಿನಲ್ಲೇ ಬ್ರಹ್ಮಗಿರಿ ಇದೆ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆಹಚ್ಚಿದರು. ಆದರೆ ಹೆಂಗಳೆಯರಿಗೆ ಊರಿನ ಹೆಸರು ತಿಳಿದಿರುವುದು ಸೀರೆಯಿಂದ.

ಮಿಶ್ರತಳಿಯ ಹುಳು ಸಾಕುವ ಮನೆಯೊಳಗೆ ಇಣುಕಿದರೆ ಚಂದ್ರಿಕೆಯ ತುಂಬ ಹಳದಿ ಗೂಡುಗಳು. ಇವುಗಳ ತಾಯಿ ಮೈಸೂರು ತಳಿಯ ಚಿಟ್ಟೆ. ಅದರ ಗೂಡು ಹಸಿರುಮಿಶ್ರಿತ ಹಳದಿ. ತಂದೆ ದ್ವಿತಳಿ, ಅದರ ಗೂಡು ಅಚ್ಚ ಬಿಳುಪು. ಮಕ್ಕಳಲ್ಲಿ ತಂದೆಯ ಬಿಳುಪು ಲೇಶವೂ ಕಾಣದು. ಅದು ಅಳಿದುಹೋಗಿಲ್ಲ, ಅಡಗಿದೆ ಅಷ್ಟೆ. ಪ್ರತಿ ಹುಳುವಿನಲ್ಲಿಯೂ ಬಣ್ಣದ ಸೂಚನೆ ಎರಡು ಪ್ರತಿಗಳಲ್ಲಿರುತ್ತದೆ: ತಾಯಿಯದೊಂದು, ತಂದೆಯದೊಂದು. ಹಿಪ್ಪುನೇರಳೆ ಸೊಪ್ಪಿನಲ್ಲಿರುವ ಹಳದಿಯನ್ನು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆಗ್ರಂಥಿಗೆ ಸಾಗಿಸಲು ಸರಿಯಾದ ಪ್ರತಿ ಒಂದಿದ್ದರೂ ಸಾಕು. ಎರಡೂ ಕೆಟ್ಟಿದ್ದರೆ ಮಾತ್ರ ಗೂಡು ಬಿಳಿ. ಹೀಗೆ ಜೋಡಿಯಾದಾಗಲೇ ತಲೆದೋರುವ ಗುಣವನ್ನು ಸುಪ್ತಗುಣವೆನ್ನುತ್ತಾರೆ. ಬಿಳಿ ಕುರಿಗಳ ಕರಿಮರಿಯ ಗುಟ್ಟೂ ಇದೇ. ಬಟಾಣಿಗಿಡದಲ್ಲಿ ಮೆಂಡೆಲನು 1866ರಲ್ಲಿ ಪ್ರಕಟಿಸಿದ ಈ ಲೆಕ್ಕ ರೇಷ್ಮೆಹುಳುವಿಗೂ ಸಲ್ಲುವುದೆಂದು 1906ರಲ್ಲಿ ತೋರಿಸಿದವನು ಜಪಾನಿನ ತೋಯಾಮ.

ನೇಕಾರನಿಗೆ ಈ ಹಳದಿಯಿಂದ ಲಾಭವೇನೂ ಇಲ್ಲ. ಬಣ್ಣವಿರುವುದು ಬಹುಪಾಲು ಎಳೆಯ ಮೇಲಿನ ಗೋಂದಿನಲ್ಲಿ. ಸಾಬೂನು ನೀರಿನಲ್ಲಿ ಕುದಿಸಿದರೆ ಗೋಂದಿನೊಡನೆ ಅದೂ ಹೋಗುತ್ತದೆ. ಸೆರಗಿನ ಕೆಂಪು, ಅಂಚಿನ ಹಸಿರು ಆಮೇಲೆ ಹಾಕಿದವು. ಲಾಭವಿರುವುದು ಬೇರೆಡೆ. ಮೈಸೂರು ತಳಿ ನಮ್ಮ ಸೆಕೆಯನ್ನು ತಾಳುತ್ತದೆ, ಆದರೆ ಅದರ ಗೂಡಿನ ಎಳೆ ಸುಮಾರು 400 ಮೀಟರಿಗೇ ಮುಗಿಯುತ್ತದೆ. ಒಳ್ಳೆಯ ದ್ವಿತಳಿಯದು 1000 ಮೀಟರಿನ ಆಸುಪಾಸು. ಎರಡನ್ನೂ ಕೂಡಿಸಿದರೆ ತಾಯಿಯ ತಾಳ್ಮೆಯೂ ತಂದೆಯ ಎಳೆಯೂ ಒಂದಿಷ್ಟು ಒದಗುತ್ತವೆ.

ಹಾಗಾದರೆ ಚೆನ್ನಾದ ನಾಲ್ಕು ಗೂಡು ಉಳಿಸಿಕೊಂಡು, ಚಿಟ್ಟೆ ಹೊರಡಿಸಿ, ಮೊಟ್ಟೆಯ ಹಣ ಮಿಗಿಸಬಾರದೇ? ಮಳೆ ನಂಬದ ಸೀಮೆಯಲ್ಲಿ ಈ ಆಸೆ ತಪ್ಪಲ್ಲ, ಆದರೆ ದುಬಾರಿ. ಮೊಮ್ಮಕ್ಕಳ ಕಾಲಕ್ಕೆ ಅಡಗಿದ್ದುದೆಲ್ಲ ಹೊರಬೀಳುತ್ತದೆ. ಮೆಂಡೆಲನ ಲೆಕ್ಕದಂತೆ ನಾಲ್ಕರಲ್ಲಿ ಒಂದರಷ್ಟು ಗೂಡು ಬಿಳಿ. ಬಣ್ಣವೊಂದೇ ಆಗಿದ್ದರೆ ಸಹಿಸಬಹುದಿತ್ತು. ಎಳೆಯ ಉದ್ದ, ಗೂಡಿನ ಗಾತ್ರ, ಹುಳು ಹಣ್ಣಾಗುವ ದಿನ, ಎಲ್ಲವೂ ಏರುಪೇರು. ಒಂದೇ ಬಿಸಿನೀರಿನ ಬಾಣಲೆಯಲ್ಲಿ ನೂಲು ತೆಗೆಯುವವನಿಗೆ ಇದು ತಲೆನೋವು. ಅವನು ಬೆಲೆ ಇಳಿಸುತ್ತಾನೆ.

ಆದ್ದರಿಂದ ಪ್ರತಿ ಬೆಳೆಗೂ ಹೊಸ ಮೊಟ್ಟೆ ತರಲೇಬೇಕು. ಮೊಟ್ಟೆಯ ತಾಯಿಬೇರು ದೂರದ ಮಾಗಡಿ, ಕುಣಿಗಲ್ಲು ಕಡೆಯ ಬಿತ್ತನೆ ಪ್ರದೇಶದಲ್ಲಿದೆ. ಶುದ್ಧ ಮೈಸೂರು ತಳಿಯನ್ನು ಅಲ್ಲಿಯ ರೈತರು ಬೆರಕೆಯಾಗದಂತೆ ಕಾದುಕೊಳ್ಳಬೇಕು. ಗಾತ್ರದಲ್ಲಿ ಚಿಕ್ಕದು, ತೂಕದಲ್ಲಿ ಹಗುರವಾದ ಆ ಗೂಡನ್ನು ಬಿತ್ತನೆಗೆಂದು ತಕ್ಕ ಬೆಲೆ ಕೊಟ್ಟು ಕೊಳ್ಳುವವರಿಲ್ಲದಿದ್ದರೆ ಅವರು ಅದನ್ನು ಬೆಳೆಯುವುದಾದರೂ ಏತಕ್ಕೆ? ಅವರು ಕೈಬಿಟ್ಟರೆ ಮೊಳಕಾಲ್ಮೂರಿನ ಚಂದ್ರಿಕೆಯಲ್ಲಿ ಹಳದಿ ಗೂಡು ಇರದು.